ಉಗ್ರಾಣದ ಪರಿಮಳ

ರಾಜನಿಲ್ಲದ ಒಂದು ಕಾಡಿನಲ್ಲಿ ಒಂದು ಉಗ್ರಾಣವಿತ್ತು. ದೊಡ್ಡ ಬಂಡೆಯ ಅಡಿಯಲ್ಲಿದ್ದ ಒಣ ಗವಿಯೇ ಆ ಉಗ್ರಾಣ. ಮಳೆಗಾಲದ ಮೊದಲಿಗೆ ಬರುವ ಮಿರಗದ ಮಳೆ ಹಿಡಿಯಿತೆಂದರೆ ಆ ಕಾಡಿನ ಹಳ್ಳ ಇಪ್ಪತ್ತು ದಿನ ಇಳಿಯುತ್ತಿರಲಿಲ್ಲ. ಯಾವ ಪ್ರಾಣಿಯೂ ಆಹಾರ ಹುಡುಕಿ ದೂರ ಹೋಗುವಂತಿರಲಿಲ್ಲ. ಅದಕ್ಕಾಗಿ ಬೇಸಿಗೆಯಲ್ಲೇ ಎಲ್ಲರೂ ಕೂಡಿಡುತ್ತಿದ್ದರು. ಇಲಿಗಳು ಕಾಡಿನಂಚಿನ ಗಾಣದಿಂದ ಬೆಲ್ಲದ ಚೂರು ಹೊತ್ತು ತರುತ್ತಿದ್ದವು. ಮೊಲಗಳು ಎಳ್ಳು ತರುತ್ತಿದ್ದವು. ಮಂಗಗಳು ಕೊಬ್ಬರಿ ತರುತ್ತಿದ್ದವು. ಎಲ್ಲಿಂದ ತಂದಿರಿ ಎಂದು ಅವುಗಳನ್ನು ಯಾರೂ ಕೇಳುತ್ತಿರಲಿಲ್ಲ. ಈಚಲ ಹಣ್ಣನ್ನು ಬಂಡೆಯ ಮೇಲೆ ಒಣಗಿಸಿ ಉತ್ತತ್ತಿ ಮಾಡುತ್ತಿದ್ದರು. ಜಾಲಿ ಮರದ ಅಂಟನ್ನು ಕಾದ ಮರಳಿನಲ್ಲಿ ಹೊರಳಿಸಿ ಅರಳಿಸುತ್ತಿದ್ದರು. ಎಲ್ಲವನ್ನೂ ಸೋರೆಬುರುಡೆಗಳಲ್ಲಿ ತುಂಬಿ ಬಾಯಿಗೆ ಜೇನುಮೇಣ ಮೆತ್ತಿದರೆ ವರ್ಷವಾದರೂ ಕೆಡುತ್ತಿರಲಿಲ್ಲ.

ಮಳೆಗಾಲದಲ್ಲಿ ಆ ಸಾಮಾನೆಲ್ಲ ಕೂಡಿಸಿ ಅಂಟಿನುಂಡೆ ಕಟ್ಟುತ್ತಿದ್ದರು. ದೊಡ್ಡವರಿಗೆ ದಿನಕ್ಕೊಂದು. ಮಳೆಯಲ್ಲಿ ಹೆತ್ತ ಬಾಣಂತಿಗೆ ಮೂರು. ಬಾಣಂತಿ ಉಂಡೆ ತಿಂದರೆ ಅವಳ ಮೈಗೆ ಕಸುವು, ಮರಿಗಳಿಗೆ ಹಾಲು.

ಈ ಉಗ್ರಾಣ ನೋಡಿಕೊಳ್ಳುವವಳು ನೀಲವ್ವ ಎಂಬ ಅಳಿಲು. ಅವಳ ಅವ್ವನೂ ಅದೇ ಕೆಲಸ ಮಾಡಿದವಳು. ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ಮೇಣ ಮೆತ್ತುವ ಮೊದಲು ಉಗ್ರಾಣದವಳು ಪ್ರತಿ ಬುರುಡೆಯೊಳಗೆ ಇಳಿದು, ತಳದಿಂದ ಒಂದು ಮುಷ್ಟಿ ತಂದು, ಎಲ್ಲರೆದುರು ತಿಂದು ತೋರಿಸಬೇಕು. ಅದಕ್ಕೆ ತಳಮುಷ್ಟಿ ಎನ್ನುತ್ತಿದ್ದರು. ನೀಲವ್ವ ತಲೆಕೆಳಗಾಗಿ ಇಳಿದರೆ ಹೊರಗೆ ಬಾಲವಷ್ಟೇ ಕಾಣುತ್ತಿತ್ತು. ಮರಿಗಳೆಲ್ಲ ಬಿದ್ದು ಬಿದ್ದು ನಗುತ್ತಿದ್ದವು. ಮೈಗೆಲ್ಲ ಬೆಲ್ಲ ಮೆತ್ತಿಕೊಂಡು ಅವಳು ಹೊರಬಂದಾಗ ದೊಡ್ಡವರೂ ಮುಖ ತಿರುಗಿಸಿ ನಗುತ್ತಿದ್ದರು. ನೀಲವ್ವನೂ ನಕ್ಕಂತೆ ಮಾಡುತ್ತಿದ್ದಳು. ಆದರೆ ಮನೆಗೆ ಹೋಗಿ ಬಾಲ ನೆಕ್ಕಿಕೊಳ್ಳುವಾಗ ಅವಳಿಗೆ ಅಳು ಬರುತ್ತಿತ್ತು.

ಆ ವರ್ಷ ಅವಳ ಒಬ್ಬಳೇ ಮಗಳು ತಂಗೆವ್ವ ಚೊಚ್ಚಲ ಬಸುರಿ. ಮಳೆ ಹಿಡಿದ ಮೇಲೆಯೇ ಹೆರಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಅದೇ ಕಾಡಿನಲ್ಲಿ ಗಂಧಪ್ಪ ಎಂಬ ಪುನುಗು ಬೆಕ್ಕು ಇತ್ತು. ಉಗ್ರಾಣಕ್ಕೆ ಒಂದು ಎಳ್ಳಿನ ಕಾಳನ್ನೂ ತಂದವನಲ್ಲ. ಹೊಟ್ಟೆ ಮಾತ್ರ ದೊಡ್ಡದು, ಸಿಹಿಯೆಂದರೆ ಪ್ರಾಣ ಬಿಡುವವನು. ಅವನ ಮೈಯ ಪುನುಗಿನ ಪರಿಮಳ ಕಾಡಿಗೆಲ್ಲ ಹೆಸರಾಗಿತ್ತು. ನಾಲಗೆಯೂ ಅಷ್ಟೇ ನಯ. ಒಂದು ದಿನ ಅವನು ಗವಿಯ ಬಾಗಿಲಿಗೆ ಬಂದು ಕುಳಿತ.

“ನೀಲಕ್ಕಾ, ಈ ವಯಸ್ಸಿನಾಗ ಬುರುಡಿಯೊಳಗ ತಲೆಕೆಳಗಾಗಿ ಇಳೀತಿ. ಸಣ್ಣ ಹುಡುಗ್ರೆಲ್ಲಾ ನಗತಾವ. ನನಗಂತೂ ನೋಡಾಕ ಆಗೂದಿಲ್ಲ.”

“ಕಟ್ಟಳಿ ಐತಿ ಗಂಧಪ್ಪ. ನಮ್ಮವ್ವನೂ ಇಳೀತಿದ್ಲು.”

“ನಿಮ್ಮವ್ವನ ಕಾಲಕ್ಕ ನಾನಿರಲಿಲ್ಲಲ್ಲ. ಈ ಸಲ ತುಂಬೂದು, ಮೇಣ ಮೆತ್ತೂದು ನನಗ ಬಿಡು. ಬುರುಡಿ ಬಾಯಿಗೆ ಒಂದೊಂದು ಹನಿ ಪುನುಗು ಹಚ್ಚತೇನಿ. ಇರುವಿ ಸುಳಿಯೂದಿಲ್ಲ. ನೀ ಗೌಡತಿ ಹಂಗ ಕುಂತು ವಾಸನಿ ನೋಡಿದ್ರ ಸಾಕು.”

ನೀಲವ್ವ ಬೇಡ ಎನ್ನಲು ಬಾಯಿ ತೆರೆದಳು. ಆದರೆ ಗೌಡತಿ ಎಂಬ ಮಾತು ಕಿವಿಯೊಳಗೇ ಉಳಿದುಕೊಂಡಿತು. ಈವರೆಗೆ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಹೂಂ ಎಂದುಬಿಟ್ಟಳು.

ನಡುಹಗಲ ಬಿಸಿಲಿಗೆ ಕಾಡೆಲ್ಲ ಮಲಗಿದಾಗ ಗಂಧಪ್ಪ ಕೆಲಸ ಮಾಡಿದ. ನಾಲ್ಕು ದಿನ ಮಾಡಿದ. ಬೆಲ್ಲ, ಕೊಬ್ಬರಿ, ಉತ್ತತ್ತಿ, ಅಂಟು ಎಲ್ಲವೂ ಅವನ ಆಲದ ಮರದ ಪೊಟರೆ ಸೇರಿದವು. ಬುರುಡೆಗಳಿಗೆ ಗೆದ್ದಲು ತಿಂದ ಮರದ ಹುಡಿ ತುಂಬಿದ. ಮೇಲೆ ಮಾತ್ರ ಎರಡೆರಡು ಮುಷ್ಟಿ ನಿಜವಾದ ಸಾಮಾನು ಹರವಿ, ಮೇಣ ಮೆತ್ತಿ, ಪುನುಗು ಹಚ್ಚಿದ.

ಉಗ್ರಾಣ ತೋರಿಸುವ ದಿನ ಎಲ್ಲರೂ ಬಂದರು. ಗವಿಯೊಳಗೆ ಕಾಲಿಟ್ಟವರೆಲ್ಲ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

“ಇಷ್ಟು ವರ್ಷದಾಗ ಉಗ್ರಾಣ ಹಿಂಗ ಘಮ್ ಅಂದಿದ್ದಿಲ್ಲ. ನೀಲವ್ವಾ, ನಿಮ್ಮವ್ವನ್ನೂ ಮೀರಿಸಿದಿ,” ಎಂದಿತು ಕಾಡಿಗೆ ಹಿರಿಯನಾದ ಕರಡಿ.

ಮೊಲದ ಮುದುಕಿ ಸಾತವ್ವ ಮಾತ್ರ ಮೆಲ್ಲಗೆ ಕೇಳಿದಳು. “ತಳಮುಷ್ಟಿ ತಗೀಲಿಲ್ಲಲ್ಲ?”

“ಮೇಣ ಮೆತ್ತಿ ಆಗೇತಿ. ಒಡದ್ರ ಪರಿಮಳ ಹೋಗತೈತಿ,” ಎಂದಳು ನೀಲವ್ವ. “ಯಾಕ, ನನ್ನ ಮೂಗಿನ ಮ್ಯಾಲ ನಂಬಿಗಿ ಇಲ್ಲೇನು?”

ಸಾತವ್ವ ಹಿಂದಕ್ಕೆ ಸರಿದು ದಾರಿ ಬಿಟ್ಟಳು. ನೀಲವ್ವ ಒಂದೊಂದೇ ಬುರುಡೆಯನ್ನು ಮೂಸಿ ತಲೆಯಾಡಿಸಿದಳು. ಕೊನೆಯದಕ್ಕೆ ಬೆನ್ನು ಕೊಟ್ಟು ನಿಂತಾಗ ಅದು ಹಿಂದಕ್ಕೆ ಸರಿದುಬಿಟ್ಟಿತು. ಹೋದ ವರ್ಷ ಅದೇ ಬುರುಡೆಯನ್ನು ಸರಿಸಲು ಮೂರು ಇಲಿಗಳು ಬೇಕಾಗಿದ್ದವು. ಅವಳು ತಿರುಗಿ ಅದರ ಬಾಯಿಯ ಮೇಣ ಮುಟ್ಟಿದಳು. ಅಷ್ಟರಲ್ಲಿ ಹೊರಗೆ ಯಾರೋ ಅವಳ ಹೆಸರು ಹೇಳಿ ಹೊಗಳುತ್ತಿದ್ದರು. ಒಣಗಿದ ಸಾಮಾನು ಹಗುರವೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ಹೊರಗೆ ಬಂದಳು.

ಮಿರಗದ ಮಳೆ ಹಿಡಿಯಿತು. ಹಳ್ಳ ಎರಡೂ ದಡ ಮುಳುಗಿಸಿ ಹರಿಯಿತು. ಮೂರನೆಯ ದಿನ ಬೆಳಗ್ಗೆ ತಂಗೆವ್ವ ಮೂರು ಮರಿ ಹೆತ್ತಳು. ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಕೆಂಪು ಮರಿಗಳು. ನೀಲವ್ವ ಸಂಭ್ರಮದಿಂದ ಗವಿಗೆ ಓಡಿ ಬೆಲ್ಲದ ಬುರುಡೆ ಒಡೆದಳು. ಎರಡು ಮುಷ್ಟಿ ಬೆಲ್ಲ ತೆಗೆದಳು. ಮೂರನೆಯ ಮುಷ್ಟಿಯಲ್ಲಿ ಮರದ ಹುಡಿ ಬಂತು.

ಅವಳು ಇನ್ನೊಂದು ಬುರುಡೆ ಒಡೆದಳು. ಮತ್ತೊಂದು ಒಡೆದಳು. ಗವಿಯಲ್ಲಿದ್ದ ಹನ್ನೊಂದೂ ಬುರುಡೆಗಳನ್ನು ಒಡೆದು ನೆಲದ ಮೇಲೆ ಸುರಿದಳು. ಹುಡಿಯ ರಾಶಿಯಿಂದ ಪುನುಗಿನ ಪರಿಮಳ ಇನ್ನೂ ಬರುತ್ತಿತ್ತು. ಯಾರು ಮಾಡಿದ್ದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಗಂಧಪ್ಪನ ಆಲದ ಮರ ಹಳ್ಳದ ಆಚೆ ದಡದಲ್ಲಿತ್ತು. ನೀರು ಇಳಿಯುವವರೆಗೆ ಅಲ್ಲಿಗೆ ಹೋಗುವಂತಿರಲಿಲ್ಲ.

ಸುದ್ದಿ ತಿಳಿದು ಎಲ್ಲರೊಂದಿಗೆ ಬಂದ ಕರಡಿ ಹುಡಿಯನ್ನು ಕೆದಕಿ ನೋಡಿ ಹೇಳಿತು. “ಮ್ಯಾಲಿನ ಸಾಮಾನು ಎಷ್ಟೈತಿ ಅಷ್ಟೂ ಬಾಣಂತಿಗಿ. ನಾವು ತೊಗಟಿ ಕಡಕೊಂಡು ಇರೂಣು.”

ನೀಲವ್ವ ಎಲ್ಲ ಸಾಮಾನಿನಿಂದ ಹುಡಿ ಊದಿ ಊದಿ ಬೇರೆ ಮಾಡಿದಳು. ಕೊಬ್ಬರಿಯನ್ನು ಹಲ್ಲಿನಿಂದ ತುರಿದಳು, ಉತ್ತತ್ತಿ ಜಜ್ಜಿದಳು, ಅಂಟನ್ನು ಪುಡಿ ಮಾಡಿದಳು. ಬೆಲ್ಲ ಕಡಿಮೆಯಾಗಿ ಉಂಡೆ ಕಟ್ಟಿದರೆ ಒಡೆದು ಬೀಳುತ್ತಿತ್ತು. ಉದುರಿದ ಒಂದೊಂದು ಎಳ್ಳನ್ನೂ ಆರಿಸಿ ಮತ್ತೆ ಮತ್ತೆ ಒತ್ತಿದಳು. ಎಷ್ಟು ಸಣ್ಣದಾಗಿ ಕಟ್ಟಿದರೂ ಒಂಬತ್ತೇ ಉಂಡೆಯಾದವು. ಮೂರು ದಿನದ ಊಟವನ್ನು ಒಂಬತ್ತು ದಿನ ಹಂಚಬೇಕಾಯಿತು.

ದಿನಕ್ಕೊಂದು ಉಂಡೆಯಲ್ಲಿ ಮೂರು ಮರಿಗಳಿಗೆ ಹಾಲು ಎಲ್ಲಿಂದ ಬರಬೇಕು? ಹೆತ್ತ ಆರನೆಯ ದಿನ ಒಂದು ಮರಿ ಹಾಲು ಹುಡುಕುವುದನ್ನು ಬಿಟ್ಟಿತು. ಒಂಬತ್ತನೆಯ ದಿನ ಇನ್ನೊಂದು. ತಂಗೆವ್ವ ಉಳಿದ ಒಂದನ್ನು ಎದೆಗೆ ಒತ್ತಿಕೊಂಡು ಅವ್ವನ ಮುಖ ನೋಡಿದಳು.

“ಯವ್ವಾ, ನೀ ತಳಾ ನೋಡಲಿಲ್ಲೇನು?”

“ಇಲ್ಲ.”

“ಯಾಕ?”

ನೀಲವ್ವನಿಗೆ ಗೌಡತಿ ಎಂಬ ಮಾತು ನೆನಪಾಯಿತು. ಹೇಳಲು ನಾಚಿಕೆಯಾಗಿ ತಲೆ ಬಗ್ಗಿಸಿದಳು.

ಉಂಡೆ ಮುಗಿದ ಮೇಲೆ ತಂಗೆವ್ವನೂ ತೊಗಟೆ ತಿಂದೇ ಆ ಒಂದು ಮರಿಯನ್ನು ಉಳಿಸಿಕೊಂಡಳು. ನೀರು ಇಳಿದ ದಿನ ಬಡಕಲಾದ ಪ್ರಾಣಿಗಳೆಲ್ಲ ಹಳ್ಳ ದಾಟಿ ಆಲದ ಮರಕ್ಕೆ ಹೋದವು. ಗಂಧಪ್ಪ ಪೊಟರೆಯ ಬಾಯಲ್ಲೇ ಬಿದ್ದಿದ್ದ. ಹೊಟ್ಟೆ ಉಬ್ಬಿತ್ತು, ತುಟಿಯ ಮೇಲೆ ಹಸಿರು ಬೂಸ್ಟು ಮೆತ್ತಿತ್ತು. ಒಳಗೆ ಕದ್ದ ಸಾಮಾನೆಲ್ಲ ಒಂದೇ ಮುದ್ದೆಯಾಗಿತ್ತು. ಬೆಲ್ಲ ಕರಗಿ ನೀರಾಗಿತ್ತು, ಕೊಬ್ಬರಿ ಕೊಳೆತಿತ್ತು. ಕದಿಯುವುದು ಅವನಿಗೆ ಗೊತ್ತಿತ್ತು, ಕಾಪಿಡುವುದು ಗೊತ್ತಿರಲಿಲ್ಲ. ಬೆಲ್ಲದ ವಾಸನೆ ಬೇರೆಯವರ ಮೂಗಿಗೆ ಬೀಳಬಾರದೆಂದು ಅವನು ಅದಕ್ಕೆಲ್ಲ ಪುನುಗು ಬಳಿದಿದ್ದ. ಹಾಗಾಗಿ ಸಾಮಾನು ಕೆಟ್ಟ ವಾಸನೆ ಅವನ ಮೂಗಿಗೂ ಬಿದ್ದಿರಲಿಲ್ಲ. ಬೂಸ್ಟು ಹಿಡಿದದ್ದನ್ನೇ ದಿನವೂ ಬಾಯಿ ಚಪ್ಪರಿಸಿ ತಿಂದಿದ್ದ.

“ಚಲೋ ವಾಸನಿ ಇತ್ತಲ್ಲ, ನೀಲಕ್ಕಾ,” ಎಂದ ಅವನು ಏದುಸಿರು ಬಿಡುತ್ತಾ.

“ಹೌದು,” ಎಂದಳು ನೀಲವ್ವ. “ನನಗೂ ಹಂಗ ಅನಿಸಿತ್ತು.”

ಸಂಜೆಯ ಹೊತ್ತಿಗೆ ಗಂಧಪ್ಪ ಸತ್ತ. ಕೆಲವರು ತಕ್ಕ ಶಾಸ್ತಿಯಾಯಿತು ಎಂದರು. ನೀಲವ್ವನಿಗೆ ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಅವನು ಸತ್ತನೆಂದು ಸತ್ತ ಮರಿಗಳು ಎದ್ದು ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಉಗ್ರಾಣದ ಕೆಲಸವನ್ನು ಸಾತವ್ವನಿಗೆ ಕೊಟ್ಟರು. ಹೊಸ ಬೆಲ್ಲ ಬಂದ ದಿನ ನೀಲವ್ವ ತನ್ನ ಪಾಲಿನದನ್ನು ತಂದು ಒಂದೇ ಒಂದು ಅಂಟಿನುಂಡೆ ಕಟ್ಟಿದಳು. ಕೊಬ್ಬರಿ ಜಾಸ್ತಿ ಹಾಕಿ, ಗುಂಡಗೆ ಮಾಡಿ, ಉಳಿದ ಆ ಒಂದು ಮೊಮ್ಮಗುವಿಗೆಂದು ಮಗಳ ಗೂಡಿಗೆ ಒಯ್ದಳು. ಮರಿ ಆಸೆಯಿಂದ ಬಾಯಿ ತೆರೆಯಿತು.

“ತಡಿ,” ಎಂದಳು ತಂಗೆವ್ವ.

ಅವಳು ಉಂಡೆಯನ್ನು ಅವ್ವನ ಕೈಯಿಂದ ತೆಗೆದುಕೊಂಡು ಎರಡು ಹೋಳು ಮಾಡಿದಳು. ಹೋಳುಗಳನ್ನು ಮತ್ತೆ ಒಡೆದಳು. ಎಲ್ಲ ಪುಡಿಯಾಗುವವರೆಗೆ ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು ನೋಡಿದಳು. ನೀಲವ್ವ ಅಲ್ಲೇ ಕೊಂಬೆಯ ಮೇಲೆ ಕುಳಿತು ಮಗಳು ನೋಡಿ ಮುಗಿಸುವುದನ್ನೇ ಕಾದಳು.

ನೀತಿ: ಮೋಸ ಮಾಡಿದವನು ತನ್ನ ಮೋಸದಿಂದಲೇ ಕೆಡುತ್ತಾನೆ, ಆದರೆ ಹೊಗಳಿಕೆಗೆ ಸೋತು ತನ್ನ ಕರ್ತವ್ಯ ಬಿಟ್ಟವರ ತಪ್ಪಿಗೆ ಅವರನ್ನು ನಂಬಿದವರು ಬೆಲೆ ತೆರುತ್ತಾರೆ.