ಓರೆ ಹಿಡಿದು ಓದುವ ಕೈ

ಅಂಚೆ ವಿಂಗಡಿಸುವ ಯಂತ್ರದ ಮುಂದೆ ಒಳಗಿನ ವಿಳಾಸ ಕಾಣಲು ಕಿಟಕಿಯಿದ್ದ ಎರಡು ಲಕೋಟೆಗಳು ಸಾಲುಗಟ್ಟಿದ್ದವು. ಮುಂದಿನದರ ಕಿಟಕಿ ಮಂಕು ಬಟರ್ ಪೇಪರಿನದು. ಹಿಂದಿನದರದು ಹೊಳೆಯುವ ಪ್ಲಾಸ್ಟಿಕ್ಕು. ಅದರೊಳಗೆ ನಾಡಿದ್ದಿನ ಪರೀಕ್ಷೆಯ ಹಾಲ್ ಟಿಕೆಟ್ ಇತ್ತು.

"ಏನಜ್ಜೀ, ಕಣ್ಣಿಗೆ ಪೊರೆ ಬಂದಿದೆಯಲ್ಲ!" ಎಂದಿತು ಪ್ಲಾಸ್ಟಿಕ್ಕು.

"ಬರಲಿ ಬಿಡು ಮಗಾ. ನಮ್ಮ ಕಾಲದಲ್ಲಿ ಅಂಚೆ ವಿಂಗಡಿಸೋ ದುರುಗಪ್ಪನವರು ಒಂದೊಂದು ಕಾಗದವನ್ನೂ ಬೆಳಕಿಗೆ ಓರೆ ಹಿಡಿದು ಓದೋರು."

"ಈಗ ಯಾರಿಗೆ ಬೇಕಜ್ಜಿ ಆ ಕೈ?"

ಯಂತ್ರ ಬೆಳಕು ಬಿಟ್ಟಿತು. ಅಜ್ಜಿಯ ವಿಳಾಸ ಓದಿ ಮುಂದೆ ಕಳಿಸಿತು. ಪ್ಲಾಸ್ಟಿಕ್ಕು ಫಳಫಳ ಹೊಳೆಯಿತು. ಆ ಹೊಳಪಿನಲ್ಲಿ ಅಕ್ಷರ ಕಾಣದೆ ಯಂತ್ರ ಅದನ್ನು ಪಕ್ಕದ ಬುಟ್ಟಿಗೆ ಎಸೆಯಿತು.

"ಅಯ್ಯೋ, ಹುಡುಗಿಯ ಪರೀಕ್ಷೆ!" ಎಂದು ಅದು ಗೋಳಾಡುವಾಗ ಮುದಿ ಕೈಯೊಂದು ಅದನ್ನೆತ್ತಿ ಬೆಳಕಿಗೆ ಓರೆ ಹಿಡಿಯಿತು.

"ನಾಗವೇಣಿ, ಕುಷ್ಟಗಿ."

"ದುರುಗಪ್ಪನವರೇ, ನೀವಿನ್ನೂ ಇದ್ದೀರಾ?"

"ಇದ್ದೀನಪ್ಪ. ಆಗ ನನ್ನ ಹತ್ತಿರ ಎಲ್ಲರೂ ಬರೋರು. ಈಗ ಹೊಳೆಯೋರು ಮಾತ್ರ ಬರ್ತಾರೆ."