ಬ್ರೇಕಿನಡಿಯ ನಿಂಬೆಹಣ್ಣು

ಹೊಳೆ ದಂಡೆಯ ಹಳೇ ಕಲ್ಲುಮಂಟಪದಲ್ಲಿ ದೇವರಿರಲಿಲ್ಲ. ನಂಜುಂಡಾಚಾರಿ ಇದ್ದರು.

ಅವರ ಕುಲಕಸುಬು ಕುಲುಮೆ. ಎತ್ತಿನ ಗಾಡಿ ಹೋಗಿ ಜೀಪು ಬಂದ ಮೇಲೆ ಅವರ ಸುತ್ತಿಗೆಯೂ ಜೀಪಿನ ಕಡೆ ಹೊರಳಿತ್ತು. ಬೆಟ್ಟದ ಮೇಲಿನ ಊರುಗಳಿಗೆ ಓಡಾಡುವ ಜೀಪುಗಳಲ್ಲಿ ಅವರ ಕೈ ಸೋಕದ್ದು ಒಂದೂ ಇರಲಿಲ್ಲ. ಮಾತು ಮಾತ್ರ ಕಮ್ಮಿ. ಕೇಳಿದ್ದಕ್ಕೆ ಉತ್ತರ ಸಿಕ್ಕರೆ ಅದು ಕೇಳಿದವನ ಅದೃಷ್ಟ.

ಒಂದು ಬೆಳಿಗ್ಗೆ ಟ್ರ್ಯಾಕ್ಟರೊಂದು ಜೀಪನ್ನು ಎಳೆದು ತಂದು ಮಂಟಪದ ಮುಂದೆ ಬಿಟ್ಟುಹೋಯಿತು. ಅದನ್ನು ಜೀಪು ಅನ್ನಲು ಧೈರ್ಯ ಬೇಕಿತ್ತು. ಟಾಪು ಸೀಟಿನ ಮೇಲೆ ಬಂದು ಕೂತಿತ್ತು. ಮುಂದಿನ ಒಂದು ಚಕ್ರ ಹಿಂದಕ್ಕೆ ನೋಡುತ್ತಿತ್ತು.

ಅದರ ಜೊತೆ ಬಂದವನು ಜಡೇಸ್ವಾಮಿ. ಮೂವತ್ತೈದರ ಆಸುಪಾಸು. ಮೇಲ್ದೊಡ್ಡಿಯವನು. ಆ ಊರಿಗೆ ಹತ್ತುವ ಕಲ್ಲುದಾರಿಯಲ್ಲಿ ಓಡುತ್ತಿದ್ದ ಜೀಪು ಇದೊಂದೇ.

"ಎಲ್ಲಿ ಬಿತ್ತು?" ಅಂದರು ಆಚಾರಿ.

"ಜಾರುಬಂಡೇಲಿ. ಇಳಿಯೋವಾಗ."

"ಒಳಗೆ ಯಾರಿದ್ರು?"

"ನಾನೊಬ್ನೇ. ಹೆಂಡ್ತೀನ ಮನೆಗೆ ಬುಟ್ಟು ಬರ್ತಿದ್ದೆ." ಒಂದು ಗಂಟೆ ಮೊದಲಾಗಿದ್ದರೆ ಅವಳು ಒಳಗಿರುತ್ತಿದ್ದಳು. ಈ ಲೆಕ್ಕವನ್ನು ಅವನು ದಿನಕ್ಕೆ ನೂರು ಸಲ ಹಾಕುತ್ತಿದ್ದ.

ಅವನ ಹೆಂಡತಿ ಶಿವಮಲ್ಲಿ ಬಸುರಿ. ಮಗು ಅಡ್ಡ ಮಲಗಿದೆ, ಒಂಬತ್ತು ತುಂಬುವುದರೊಳಗೆ ಕೆಳಗೆ ತಂದು ಆಸ್ಪತ್ರೆಗೆ ಸೇರಿಸು ಎಂದಿದ್ದರು ಡಾಕ್ಟರಮ್ಮ. ಅದಕ್ಕೆ ಇನ್ನು ನಲವತ್ತು ದಿನ. ಅವನ ಜೀಪು ಉರುಳಿದ ಮೇಲೆ ಬೇರೆ ಯಾರೂ ಜಾರುಬಂಡೆಗೆ ಗಾಡಿ ಬಿಡಲು ಒಪ್ಪಲಿಲ್ಲ. ಉಳಿದದ್ದು ಡೋಲಿ. ಹೋದ ವರ್ಷ ಡೋಲಿಯಲ್ಲಿ ಹೊತ್ತು ತಂದ ಒಬ್ಬ ಬಸುರಿ ಅರ್ಧ ದಾರಿಯಲ್ಲೇ ತೀರಿಕೊಂಡಿದ್ದಳು.

"ಯಾವ್ದೋ ಬೋಲ್ಟು ಮುರಿದದೆ ಆಚಾರ್ರೇ. ಯಾವ್ದು ಅಂತ ಹುಡುಕ್ಕೊಡಿ."

ಆಚಾರಿ ಜೀಪಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಸ್ಪ್ಯಾನರ್ ಚೀಲ ತಂದು ಅವನ ಕಾಲ ಬುಡದಲ್ಲಿಟ್ಟರು.

"ನೀನೇ ಹುಡುಕು."

"ನಾನು ಓಡ್ಸೋನು. ಬಿಚ್ಚೋದು ಗೊತ್ತಿಲ್ವಲ್ಲ."

"ಅದಕ್ಕೇ ಬಿದ್ದೆ" ಅಂದು ಆಚಾರಿ ಕುಲುಮೆಯ ತಿದಿ ಒತ್ತಲು ಹೋದರು.

ಹಾಗೆ ಜಡೇಸ್ವಾಮಿ ಶಿಷ್ಯನಾದ.

ದಿನವೂ ಒಂದೊಂದು ಭಾಗ ಬಿಚ್ಚುತ್ತಿದ್ದ, ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದ, ಆಚಾರಿಯ ಮುಂದೆ ಹಿಡಿಯುತ್ತಿದ್ದ.

"ಇದಾ?"

ಆಚಾರಿ ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ವಾಪಸು ಕೊಡುತ್ತಿದ್ದರು. "ಇದು ಬಿದ್ದಾಗ ಬಗ್ಗಿರೋದು. ಬೀಳಿಸಿದ್ದಲ್ಲ."

ಸ್ಟೇರಿಂಗ್ ರಾಡು ಅಲ್ಲ. ಬೇರಿಂಗು ಅಲ್ಲ. ಬ್ರೇಕಿನ ಪೈಪು ಅಲ್ಲ. ಕೆಟ್ಟದ್ದು ಸಿಗದೆ ಹೋದಷ್ಟೂ ಅವನಿಗೆ ಭಯ ಹೆಚ್ಚಾಯಿತು. ಸಿಕ್ಕಿದ್ದರೆ ಹೊಸದು ಹಾಕಿ ನಿಶ್ಚಿಂತೆಯಾಗಿ ಇರಬಹುದಿತ್ತು.

ಹತ್ತು ದಿನ ಹೋದವು, ಹದಿನೈದಾದವು. ಸೊಟ್ಟಗಾಗಿದ್ದ ಚಾಸಿಯನ್ನು ಕುಲುಮೆಯ ಕೆಂಡದಲ್ಲಿ ಕಾಯಿಸಿ ಗುರುಶಿಷ್ಯರಿಬ್ಬರೂ ಬಡಿದು ನೇರ ಮಾಡಿದರು. ಟಾಪು ಎದ್ದು ನಿಂತಿತು. ಗಾಡಿ ಗಾಡಿಯಂತೆ ಕಾಣತೊಡಗಿತು.

ಜಡೇಸ್ವಾಮಿ ಮಾತ್ರ ಸೊರಗುತ್ತಿದ್ದ. ಬೋಲ್ಟು ಬಿಗಿದು ಎರಡು ಹೆಜ್ಜೆ ಹೋಗಿ, ವಾಪಸು ಬಂದು ಮತ್ತೆ ಬಿಗಿಯುತ್ತಿದ್ದ. ಉಣ್ಣಲು ಕೂತವನು ಎಂಜಲು ಕೈಯಲ್ಲೇ ಎದ್ದು ಹೋಗಿ ನೋಡಿಬರುತ್ತಿದ್ದ. ಆಚಾರಿ ಹೊಳೆಗೆ ಸ್ನಾನಕ್ಕೆ ಹೋದಾಗ ಚಕ್ರದ ಮೇಲಿನ ಸ್ಪ್ರಿಂಗಿಗೆ ಎರಡೆರಡು ಉಕ್ಕಿನ ಪಟ್ಟಿ ಜಾಸ್ತಿ ಸೇರಿಸಿ ಉಸಿರಾಡದ ಹಾಗೆ ಬಿಗಿದುಬಿಟ್ಟ. ಗಟ್ಟಿಯಾಗಿರಲಿ ಎಂದು.

ಆಚಾರಿ ಬಂದು ಸ್ಪ್ರಿಂಗಿನ ಮೇಲೆ ಕೈಯಾಡಿಸಿದರು. ಪಟ್ಟಿ ಎಣಿಸಿದರೂ ಎಣಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ.

"ಆ ಮರದ ದಿಮ್ಮಿ ಮೇಲೆ ಒಂದು ಚಕ್ರ ಹತ್ಸು."

ಹತ್ತಿಸಿದ. ಎಡಗಡೆಯ ಮುಂದಿನ ಚಕ್ರ ದಿಮ್ಮಿಯ ಮೇಲೆ ನಿಂತಿತು.

"ಇಳಿ. ಹಿಂದೆ ಬಾ."

ಎಡಗಡೆಯ ಹಿಂದಿನ ಚಕ್ರ ನೆಲದಿಂದ ಒಂದು ಗೇಣು ಮೇಲೆ ತೂಗುತ್ತಿತ್ತು. ಆಚಾರಿ ಅದನ್ನು ಬೆರಳಲ್ಲಿ ಮುಟ್ಟಿ ಅಲ್ಲಾಡಿಸಿ ತೋರಿಸಿದರು.

"ಇದು ಏನ್ ಮಾಡ್ತಾ ಅದೆ?"

"ಗಾಳೀಲಿ ಅದೆ."

"ಯಾಕೆ?"

ಜಡೇಸ್ವಾಮಿ ತಲೆ ತಗ್ಗಿಸಿದ. "ಸ್ಪ್ರಿಂಗು ಬಗ್ತಾ ಇಲ್ಲ. ನಾನು... ಗಟ್ಟಿ ಮಾಡ್ದೆ."

"ಗಟ್ಟಿ ಮಾಡ್ಲಿಲ್ಲ ನೀನು. ಹೆದರ್ಕೊಂಡೆ. ಕಲ್ಲು ದಾರೀಲಿ ಚಕ್ರ ನೆಲ ಬುಟ್ರೆ ನಿನ್ನ ಯಾವ ಬೋಲ್ಟೂ ಕಾಯಲ್ಲ. ಬಿಚ್ಚು."

ಸೇರಿಸಿದ ಪಟ್ಟಿಗಳನ್ನೆಲ್ಲ ಬಿಚ್ಚಿದ. ಮತ್ತೆ ದಿಮ್ಮಿ ಹತ್ತಿಸಿದಾಗ ಗಾಡಿ ಮುದುಕಿಯ ಹಾಗೆ ಒಂದು ಕಡೆ ಬಾಗಿತು. ಆದರೆ ಉಳಿದ ಮೂರೂ ಚಕ್ರ ಮಣ್ಣು ಕಚ್ಚಿದ್ದವು.

ಇಪ್ಪತ್ತೆಂಟನೇ ದಿನ. ಬಿಚ್ಚುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ಮುರಿದದ್ದು ಸಿಕ್ತಾ?" ಆಚಾರಿ ಕೇಳಿದರು.

"ಇಲ್ಲ."

"ಎಲ್ಲಾ ನೋಡಿದ್ಯಾ?"

"ಎಲ್ಲಾ ನೋಡ್ದೆ ಆಚಾರ್ರೇ. ಒಂದೂ ಬಿಟ್ಟಿಲ್ಲ. ನಂಗೆ ತಲೆ ಕೆಟ್ಟೋಗ್ತಾ ಅದೆ. ಯಾವ್ದು ಅಂತ ಗೊತ್ತಾಗ್ದೆ ಅವಳನ್ನ ಹೆಂಗೆ ಕೂರಿಸ್ಲಿ?"

"ಒಂದು ನೋಡಿಲ್ಲ" ಅಂದ ಆಚಾರಿ ಡ್ರೈವರ್ ಸೀಟು ತೋರಿಸಿದರು. "ಹತ್ತು. ಎಂಜಿನ್ ಬೇಡ. ಕಣ್ಣು ಮುಚ್ಕೊ. ಅವತ್ತು ಇಳಿದದ್ದು ಹೇಳು."

ಜಡೇಸ್ವಾಮಿ ಕೂತು ಕಣ್ಣು ಮುಚ್ಚಿದ.

"ಹುಣಸೆಮರ ದಾಟ್ದೆ. ಅಲ್ಲಿಂದ ಇಳಿಜಾರು. ಎರಡನೇ ಗೇರಲ್ಲಿದ್ದೆ. ಬಂಡೆ ಮೇಲೆ ಜಲ್ಲಿ ಥರ ಸಣ್ಣ ಕಲ್ಲು ಉದುರಿತ್ತು. ಬಲಗಡೆ ಕೊಳ್ಳ. ಗಾಡಿ ಒಂಚೂರು ಜೋರಾಯ್ತು ಅನ್ನಿಸ್ತು, ಆವಾಗ..."

ಅವನು ನಿಲ್ಲಿಸಿದ.

ಮಾತು ನಿಂತಿತ್ತು, ಬಲಗಾಲು ನಿಂತಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಎದ್ದು, ಬ್ರೇಕ್ ಪೆಡಲನ್ನು ನೆಲದವರೆಗೂ ತುಳಿದು ಹಿಡಿದುಕೊಂಡಿತ್ತು.

ಕಣ್ಣು ತೆರೆದು ಅವನು ತನ್ನ ಕಾಲನ್ನೇ ನೋಡಿದ.

"ಚಕ್ರ ನಿಂತೋಯ್ತು. ಗಾಡಿ ನಿಲ್ಲಲಿಲ್ಲ" ಅಂದ ಸಣ್ಣ ದನಿಯಲ್ಲಿ. "ಕಲ್ಲಿನ ಮೇಲೆ ಜಾರ್ಕೊಂಡು ಹೋಯ್ತು."

ಅವನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬೋಲ್ಟು ಹುಡುಕುತ್ತಿದ್ದ. ನಾಚಿಕೆಯಿಂದ ಅವನ ಮುಖ ಕುಲುಮೆಗಿಂತ ಬಿಸಿಯಾಯಿತು.

ಆಚಾರಿ ಬಯ್ಯಲಿಲ್ಲ. "ಸದ್ಯ, ಸಿಕ್ತಲ್ಲ" ಅಂದರು.

"ಬೋಲ್ಟಾಗಿದ್ರೆ ಬದಲಾಯಿಸ್ಬೋದಿತ್ತು. ಕಾಲನ್ನ ಏನ್ ಮಾಡ್ಲಿ?"

ಆಚಾರಿ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು.

ಮಾರನೆಯ ದಿನ ಜಡೇಸ್ವಾಮಿ ಗಾಡಿಗೆ ಪೂಜೆ ಮಾಡಿದ. ಸೇವಂತಿಗೆ ಹಾರ, ಊದುಬತ್ತಿ, ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು. ಎಲ್ಲರೂ ಮಾಡುವ ಹಾಗೆ.

ಆಚಾರಿ ಕೈಮುಗಿದು ಮಂಗಳಾರತಿ ತೆಗೆದುಕೊಂಡರು. ಆಮೇಲೆ ಬಗ್ಗಿ, ಮುಂದಿನ ಚಕ್ರದಡಿಯ ಒಂದು ಹಣ್ಣನ್ನು ಎತ್ತಿಕೊಂಡು ಗಾಡಿಯೊಳಗೆ ತಲೆ ಹಾಕಿದರು. ಸಣ್ಣ ದಾರದಲ್ಲಿ ಅದನ್ನು ಬ್ರೇಕ್ ಪೆಡಲಿನ ಅಡಿಗೆ ಕಟ್ಟಿದರು.

"ಅಲ್ಲಿ ಯಾಕೆ ಆಚಾರ್ರೇ?"

"ಚಕ್ರಕ್ಕೆ ಯಾವ ದೃಷ್ಟೀನೂ ಆಗಿಲ್ಲ."

"ಬ್ರೇಕು ಹಿಡೀದಿದ್ರೆ?"

"ಹಣ್ಣು ಬ್ರೇಕ್ ತಡೆಯಲ್ಲ. ತುಳಿದ್ರೆ ಅಪ್ಪಚ್ಚಿ ಆಯ್ತದೆ, ಬ್ರೇಕು ಹಿಡೀತದೆ. ನೀ ತುಳಿದೆ ಅಂತ ನಂಗೆ ಹೇಳ್ತದೆ, ಅಷ್ಟೇ."

ಹೊಳೆಯ ಆಚೆ ಒಂದು ಕಲ್ಲುಗುಡ್ಡವಿತ್ತು. ಇಬ್ಬರೂ ಅಲ್ಲಿಗೆ ಹೋದರು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಹಾಗೆ ಗೇರಿನ ಪಕ್ಕದ ಸಣ್ಣ ಲಿವರ್ ಎಳೆಸಿ, ಒಂದನೇ ಗೇರಿಗೆ ತರಿಸಿ, ಆಚಾರಿ ಪಕ್ಕದಲ್ಲಿ ಕೂತರು.

"ಎರಡು ಪಾದಾನೂ ನೆಲದ ಮೇಲೆ ಇಡು. ಎಂಜಿನ್ ಹಿಡ್ಕೊತದೆ."

"ಹಿಡೀದಿದ್ರೆ?"

"ಇಳಿ."

ಗಾಡಿಯ ಮೂತಿ ಕೆಳಗೆ ವಾಲಿತು. ಮುಂದೆ ಆಕಾಶ ಹೋಗಿ ಬರೀ ಕಲ್ಲು ಕಂಡಿತು. ಎಂಜಿನ್ ಗುರ್ ಎಂದು ಗಾಡಿಯನ್ನು ಹಿಡಿದುಕೊಂಡೇ ಇತ್ತು. ಜಡೇಸ್ವಾಮಿಗೆ ಅದು ಕೇಳಿಸಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಪಚಕ್ ಎಂಬ ಸದ್ದಾಯಿತು. ಗಾಡಿ ಒಂದು ಮಾರು ಜಾರಿ ನಿಂತಿತು.

ಒಳಗೆಲ್ಲ ನಿಂಬೆಯ ವಾಸನೆ.

"ಇನ್ನೊಂದು ಹಣ್ಣು ತಕ್ಕೊ" ಅಂದರು ಆಚಾರಿ.

ಅವತ್ತು ಏಳು ಹಣ್ಣು ಹೋದವು. ಮರುದಿನ ಐದು. ಊರ ಸಂತೆಯಲ್ಲಿ ನಿಂಬೆಹಣ್ಣು ಮಾರುವವಳು, ಹೊಳೆ ದಂಡೆಯಲ್ಲಿ ಯಾರಿಗೋ ಜೋರು ಮಾಟ ಮಾಡಿಸುತ್ತಿದ್ದಾರೆ ಎಂದುಕೊಂಡಳು. ಆರನೆಯ ದಿನ ಒಂದೇ ಒಂದು ಹೋಯಿತು. ಎಂಟನೆಯ ದಿನ ಗುಡ್ಡದ ಬುಡದಲ್ಲಿ ಗಾಡಿ ನಿಂತಾಗ ಹಣ್ಣು ಕಟ್ಟಿದ ಹಾಗೇ ತೂಗುತ್ತಿತ್ತು.

ಜಡೇಸ್ವಾಮಿ ನಗಬೇಕಿತ್ತು. ನಗಲಿಲ್ಲ.

"ಇಲ್ಲಿ ಕೊಳ್ಳ ಇಲ್ಲ ಆಚಾರ್ರೇ. ಪಕ್ಕದಲ್ಲಿ ಅವಳಿಲ್ಲ."

"ಹೂಂ."

"ನಾಳೆ ನೀವೂ ಬನ್ನಿ. ನೀವು ಪಕ್ಕದಲ್ಲಿ ಕೂತ್ರೆ ನನ್ನ ಕಾಲು ನಿಮ್ಮ ಮಾತು ಕೇಳ್ತದೆ."

"ಅದಕ್ಕೇ ಬರಲ್ಲ" ಅಂದರು ಆಚಾರಿ. ಒಂದು ಹೊಸ ಹಣ್ಣನ್ನು ಪಂಚೆಗೆ ಒರೆಸಿ ಪೆಡಲಿನಡಿಗೆ ತಾವೇ ಕಟ್ಟಿಕೊಟ್ಟರು. "ಬೆಟ್ಟದ ಬುಡದ ಮೋರಿ ಕಟ್ಟೆ ಮೇಲೆ ಕೂತಿರ್ತೀನಿ. ಇದನ್ನ ತಂದು ತೋರ್ಸು."

ಮಾರನೆಯ ಬೆಳಿಗ್ಗೆ ಮೇಲ್ದೊಡ್ಡಿಯ ಜನ ಬೆಟ್ಟ ಹತ್ತಿ ಬಂದ ಜೀಪಿನ ಸುತ್ತ ನಿಂತು ನೋಡಿದರು. ಯಾರೂ ಹತ್ತಲಿಲ್ಲ. ಶಿವಮಲ್ಲಿ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಧಾನಕ್ಕೆ ಹತ್ತಿ ಕೂತಳು. ಹತ್ತುವಾಗ ಗಂಡನ ಕಾಲಬುಡದ ನಿಂಬೆಹಣ್ಣು ನೋಡಿದಳು.

"ಅಲ್ಯಾಕೆ ಕಟ್ಟಿದ್ದೀರಿ?"

"ಆಚಾರ್ರು ಕಟ್ಟವ್ರೆ."

ಅವಳಿಗೆ ಅಷ್ಟು ಸಾಕಾಯಿತು. ಅವನಿಗೆ ಸಾಕಾಗಲಿಲ್ಲ. ಅಂಗೈ ಬೆವರಿ ಸ್ಟೇರಿಂಗು ಜಾರುತ್ತಿತ್ತು. ಚಡ್ಡಿಗೆ ಕೈ ಒರೆಸಿಕೊಂಡ.

ಹುಣಸೆಮರ ಬಂತು, ದಾಟಿತು.

ಸಣ್ಣ ಲಿವರು, ಒಂದನೇ ಗೇರು. ಎರಡು ಪಾದವೂ ನೆಲದ ಮೇಲೆ.

ಜಾರುಬಂಡೆಯ ಮೇಲೆ ಗಾಡಿ ಮೂತಿ ಇಳಿಸಿತು. ಬಲಗಡೆ ಕೊಳ್ಳ ಬಾಯಿ ತೆರೆದುಕೊಂಡಿತು. ತಾನು ಉರುಳಿದ ಜಾಗದಲ್ಲಿ ಮುರಿದ ಪೊದೆ ಇನ್ನೂ ಹಾಗೇ ಇತ್ತು, ಒಡೆದ ಗಾಜು ಬಿಸಿಲಿಗೆ ಮಿನುಗುತ್ತಿತ್ತು. ಅವನ ಬಲಗಾಲು ಏಳುತ್ತೇನೆ ಅಂದಿತು. ಅವನು ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟ. ಅದು ಗುರ್ ಎನ್ನುತ್ತಲೇ ಇತ್ತು. ಒಂದು ಚಕ್ರ ಕಲ್ಲು ಹತ್ತಿತು, ಗಾಡಿ ಬಾಗಿತು. ಉಳಿದ ಮೂರೂ ನೆಲ ಬಿಡಲಿಲ್ಲ.

ಅರ್ಧ ಇಳಿದಿದ್ದರು.

"ವಸಿ ನಿಲ್ಸಿ" ಅಂದಳು ಶಿವಮಲ್ಲಿ.

ಇಲ್ಲಿ ನಿಲ್ಲಿಸುವುದೇ? ನಿಲ್ಲಿಸಲು ಹೋಗಿಯೇ ಅಲ್ಲವೇ ಅವತ್ತು ಹೋದದ್ದು? ಆಚಾರಿ ಏನಂದಾರು?

"ಆಗ್ತಾ ಇಲ್ಲ. ನಿಲ್ಸಿ ಅಂದೆ" ಅಂದಳು. ಮುಖ ಬಿಳಿಚಿಕೊಂಡಿತ್ತು, ಹಲ್ಲು ಕಚ್ಚಿದ್ದಳು.

ಅವನು ಕಾಲೆತ್ತಿದ. ನಡುಗುವ ಕಾಲನ್ನು ಪೆಡಲಿನ ಮೇಲಿಟ್ಟು, ಮಲಗಿದ ಮಗುವನ್ನು ತಟ್ಟುವಷ್ಟು ಮೆಲ್ಲಗೆ ಅದುಮಿದ. ಹಣ್ಣು ಬಿರಿಯಿತು. ಆಮೆಯ ಹಾಗೆ ಇಳಿಯುತ್ತಿದ್ದ ಗಾಡಿ ಇದ್ದಲ್ಲೇ ನಿಂತುಕೊಂಡಿತು. ಒಂದು ಕಲ್ಲೂ ಜಾರಲಿಲ್ಲ.

ಶಿವಮಲ್ಲಿ ನೀರು ಕುಡಿದಳು. ಸೊಂಟದ ಹಿಂದೆ ದಿಂಬು ಸರಿಮಾಡಿಕೊಂಡಳು. ಕಣ್ಣು ಮುಚ್ಚಿ ಮೂರು ಸಲ ಉಸಿರು ತೆಗೆದುಕೊಂಡಳು. ಅಷ್ಟು ಹೊತ್ತೂ ಅವನು ಪೆಡಲಿನ ಮೇಲೆ ಕಾಲಿಟ್ಟುಕೊಂಡು, ಕೊಳ್ಳದ ಕಡೆ ನೋಡದೆ ಅವಳನ್ನೇ ನೋಡುತ್ತಿದ್ದ.

"ಈಗ ನಡೀರಿ" ಅಂದಳು.

ಗಾಡಿ ಮತ್ತೆ ಇಳಿಯತೊಡಗಿತು. ಬಂಡೆ ಮುಗಿದು ಮಣ್ಣುದಾರಿ ಬಂತು.

ಮೋರಿ ಕಟ್ಟೆಯ ಮೇಲೆ ಆಚಾರಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಜೀಪು ನಿಂತಿತು. ಜಡೇಸ್ವಾಮಿ ಬಗ್ಗಿ ದಾರ ಬಿಚ್ಚಿ, ಅಪ್ಪಚ್ಚಿಯಾದ ಹಣ್ಣನ್ನು ಅಂಗೈಯಲ್ಲಿಟ್ಟುಕೊಂಡು ಅವರ ಮುಂದೆ ಬಂದು ನಿಂತ. ರಸ ಮಣಿಕಟ್ಟಿಗೆ ಇಳಿಯುತ್ತಿತ್ತು. ಅವನ ಕಣ್ಣಲ್ಲಿ ನೀರಿತ್ತು.

"ತುಳಿದ್ಬುಟ್ಟೆ ಆಚಾರ್ರೇ."

"ಎಲ್ಲಿ?"

"ಜಾರುಬಂಡೆ ನಡುಮಧ್ಯೆ."

ಆಚಾರಿ ಜೀಪಿನ ಕಡೆ ನೋಡಿದರು. ಶಿವಮಲ್ಲಿ ಒಳಗಿನಿಂದಲೇ ಕೈಮುಗಿದಳು.

"ಹೆದರ್ಕೊಂಡು ತುಳಿದ್ಯಾ, ಅವಳು ಕೇಳಿದ್ಲು ಅಂತ ತುಳಿದ್ಯಾ?"

"ಹೆದರಿಕೆ ಇತ್ತು. ಆದ್ರೆ ಅವಳು ಕೇಳಿದ್ಲು ಅಂತ ತುಳಿದೆ."

ಆಚಾರಿ ಆ ಹಣ್ಣನ್ನು ಅವನ ಕೈಯಿಂದ ತೆಗೆದುಕೊಂಡು, ಉಳಿದ ರಸವನ್ನು ಶಿವಮಲ್ಲಿಯ ನೀರಿನ ಬಾಟಲಿಗೆ ಹಿಂಡಿ, ಸಿಪ್ಪೆಯನ್ನು ಮೋರಿಗೆ ಎಸೆದರು.

"ಬ್ರೇಕು ಇರೋದು ಅದಕ್ಕೇ ಕನಪ್ಪ."