ಎಮ್ಮೆಕಮಾನಿಗೆ ಆ ಹೆಸರು ಬಂದದ್ದು

ಕೆಂಚವ್ವನಿಗೆ ಒಬ್ಬನೇ ಮಗ, ಮುದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕರ್ಮ!

ಪಕ್ಕದಲ್ಲೇ ಕೋಟೆಪೇಟೆ. ಅದರ ಬಾಗಿಲಿನ ಕಮಾನು ಎಂಥದ್ದು ಅಂತೀರಿ, ಮೋಡಗಳು ತಲೆ ಬಗ್ಗಿಸಿ ದಾಟಬೇಕು! ಕೆಳಗೆ ಸುಂಕದ ಅಡಿವೆಪ್ಪ, ಮೀಸೆ ತಿರುವುತ್ತ. ತಲೆ ಮೇಲೆ ಏನೇ ಹೊತ್ತು ದಾಟಲಿ, ಅವನಿಗೊಂದು ಹಿಡಿ.

ಪೇಟೆಯಲ್ಲಿ ಮಾರಿ ಬರಲಿ ಅಂತ ಕೆಂಚವ್ವ ಮಗನಿಗೆ ಒಂದು ಬುಟ್ಟಿ ಕಡಲೆಕಾಯಿ ಹೊರಿಸಿದಳು. "ಕಮಾನು ದಾಟಿದಾಗ ಒಂದು ಹಿಡಿ ಕೊಡಪ್ಪಾ."

ಕಮಾನಿನ ಕೆಳಗೆ ತಂಪೋ ತಂಪು. ಮುದ್ದ ಅತ್ತ ಹೋದ, ಇತ್ತ ಬಂದ. ಅತ್ತ ಹೋದ, ಇತ್ತ ಬಂದ. ಹೋದಾಗೊಂದು ಹಿಡಿ, ಬಂದಾಗೊಂದು ಹಿಡಿ. ಬುಟ್ಟಿ ಖಾಲಿ!

"ಅಯ್ಯೋ ಮಂಕೇ! ಅವನಿಗೆ ಸುರಿಯೋ ಬದಲು ನೀನೇ ತಿನ್ನಬಾರದಿತ್ತೇನೋ? ಹೊಟ್ಟೆಯೊಳಗಿದ್ದದ್ದಕ್ಕೆ ಸುಂಕ ಇಲ್ಲ!"

"ಆಗಲಿ ಅವ್ವಾ."

ಮಾರನೆಯ ದಿನ ಬಾಳೆಗೊನೆ. ಕಮಾನು ಕಂಡದ್ದೇ ಮುದ್ದ ಕೂತ. ತಿಂದ, ತಿಂದ, ದಿಂಡೊಂದು ಬಿಟ್ಟು ಎಲ್ಲಾ ತಿಂದ. ತೇಗುತ್ತ ದಾಟಿದ.

"ಹೊಟ್ಟೆಬಾಕ! ಇನ್ನು ಮಾರೋದೇನು, ನಿನ್ನ ತೇಗನ್ನೇ? ಉಟ್ಟ ಪಂಚೆಗೆ ಸುಂಕ ಕೇಳ್ತಾನಾ ಅವನು? ನಾಳೆ ಮೈಗೆ ಹಾಕ್ಕೊಂಡು ಹೋಗು!"

"ಆಗಲಿ ಅವ್ವಾ."

ಮರುದಿನ ಬೆಣ್ಣೆ. ಹಣೆಯಿಂದ ಹೆಬ್ಬೆರಳಿನವರೆಗೂ ಮೆತ್ತಿಕೊಂಡ. ಬಿಸಿಲು ಏರಿತು, ಬೆಣ್ಣೆ ಇಳಿಯಿತು. ಪೇಟೆಯ ನಾಯಿಗಳೆಲ್ಲ ನೆಕ್ಕುತ್ತ ನೆಕ್ಕುತ್ತ ಅವನನ್ನು ಮನೆಯವರೆಗೂ ಬಿಟ್ಟುಹೋದವು.

ಕೆಂಚವ್ವ ತಲೆ ಚಚ್ಚಿಕೊಂಡಳು. "ಮಡಕೆಯಲ್ಲಿ ಒಂದು ಕಾಳಿಲ್ಲ. ಉಳಿದದ್ದು ಈ ಎಮ್ಮೆ ಒಂದೇ. ಇದನ್ನೂ ಕಳೆದರೆ ಇಬ್ಬರೂ ಬೀದಿಪಾಲು ಕಣೋ! ಮಾರಿ ಬಾ. ಆ ಹಾಳು ಕಮಾನಿನ ಕೆಳಗೆ ಮಾತ್ರ ಹೋಗಬೇಡ!"

"ಆಗಲಿ ಅವ್ವಾ."

ಕೆಳಗೆ ಹೋಗಲಿಲ್ಲ. ಮೇಲೆ ಹೋದ! ಕೋಟೆಗೋಡೆಯ ಮೆಟ್ಟಿಲ ಮೇಲೆ ಎಮ್ಮೆಯನ್ನು ತಳ್ಳಿದ, ಎಳೆದ, ಮುದ್ದು ಮಾಡಿದ. ಕಮಾನಿನ ನೆತ್ತಿಗೇ ಹತ್ತಿಸಿದ. ಪೇಟೆಗೆ ಪೇಟೆಯೇ ಕತ್ತೆತ್ತಿತು.

ಅಡಿವೆಪ್ಪ ಹೊರಗೆ ಓಡಿಬಂದ. "ಇಳಿಸೋ ಅದನ್ನ!"

ಎಮ್ಮೆ ಬಾಲ ಎತ್ತಿತು. ಡಬ್! ಸಗಣಿ ನೇರ ಅವನ ಪೇಟದ ಮೇಲೆ. ಅಡಿವೆಪ್ಪ ಬೊಬ್ಬೆ ಹಾಕುತ್ತ ಕಮಾನಿನೊಳಗೆ ನುಗ್ಗಿದ, ಬಾವಿ ಕಡೆಗೆ.

"ಅಡಿವೆಪ್ಪಣ್ಣಾ!" ಮೇಲಿಂದ ಮುದ್ದ ಕೂಗಿದ. "ನೀನೂ ತಲೆ ಮೇಲೆ ಹೊತ್ಕೊಂಡು ದಾಟಿದೆ! ಒಂದು ಹಿಡಿ ಇಟ್ಟು ಹೋಗು!"

ಜನ ಬಿದ್ದು ಬಿದ್ದು ನಕ್ಕರು. ಅಡಿವೆಪ್ಪ ಕೈಮುಗಿದ. "ನಿಮ್ಮ ಮನೆಗೆ ಸುಂಕವೇ ಬೇಡ ಮಾರಾಯ. ಎಮ್ಮೆ ಇಳಿಸು!"

ಮುದ್ದ ಎಮ್ಮೆಯ ಬೆನ್ನು ತಟ್ಟಿ ಮೆಟ್ಟಿಲಿಗೆ ಬಿಟ್ಟ. ಕಮಾನು ಹತ್ತಿದ ಎಮ್ಮೆ! ನನಗೆ ತನಗೆ ಅಂತ ಜನ ಮುಗಿಬಿದ್ದರು. ಸುದ್ದಿ ತಿಳಿದು ಓಡಿಬಂದ ಕೆಂಚವ್ವ ಕೇಳಿದಷ್ಟು ಕೊಟ್ಟು ಕೊಂಡರು. ಅಂದಿನಿಂದ ಅದು ಎಮ್ಮೆಕಮಾನು.

ಕೆಂಚವ್ವ ಸೆರಗಿನ ಗಂಟು ಬಿಗಿದು ಮೇಲೆ ನೋಡುತ್ತಾಳೆ, ಮಗ ಅಲ್ಲೇ ಕಾಲು ಇಳಿಬಿಟ್ಟು ಕೂತಿದ್ದಾನೆ.

"ಯಾಕೋ ಇನ್ನೂ ಅಲ್ಲೇ ಇದ್ದೀಯ?"

"ಎಮ್ಮೆ ಇಳಿಸು ಅಂದರು, ಇಳಿಸಿದೆ. ನನ್ನನ್ನು ಯಾರು ಇಳಿಸ್ತಾರೆ ಅವ್ವಾ?"